ಮೇಸ್ತ್ರಿಗೆ ಬಿಟ್ಟ ಪ್ರಶ್ನೆಗಳು: ಸಣ್ಣ ಆಫೀಸಿಗೆ ಬಿಮ್ ಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಆರ್ಕಿಟೆಕ್ಚರ್ ಮತ್ತು ಸ್ಟ್ರಕ್ಚರಲ್ ಆಫೀಸ್ ಇದೆ. ಅಪ್ಪ ಸ್ಟ್ರಕ್ಚರಲ್ ಎಂಜಿನಿಯರ್, ನಾನು ಆರ್ಕಿಟೆಕ್ಟ್. ಒಟ್ಟು 12 ಜನ. ಮನೆ, ಕಲ್ಯಾಣ ಮಂಟಪ, ಶಾಲೆ, ಈಚೆಗೆ ಒಂದೆರಡು ನರ್ಸಿಂಗ್ ಹೋಮ್ ಮಾಡಿದ್ದೇವೆ. ಬಿಮ್, ಅಂದರೆ ಕಟ್ಟಡವನ್ನು ಗೆರೆಗಳ ಬದಲು 3ಡಿ ಮಾಡೆಲ್ ಆಗಿ ಕಂಪ್ಯೂಟರಿನಲ್ಲಿ ಮಾಡುವ ಪದ್ಧತಿ, ಕಲಿಯೋಣ ಅಂತ ಎರಡು ವರ್ಷದ ಹಿಂದೆ ರೆವಿಟ್ ಅನ್ನೋ ಸಾಫ್ಟ್‌ವೇರಿನ ಎರಡು ಲೈಸೆನ್ಸ್ ತಗೊಂಡು, ಹತ್ತು ದಿನ ಟ್ರೇನಿಂಗ್ ಕೊಡಿಸಿದೆ. ಒಂದು ಶಾಲೆಯ ಕೆಲಸ ಅದರಲ್ಲಿ ಶುರು ಮಾಡಿ, ಅರ್ಧದಲ್ಲಿ ಕೈಬಿಟ್ಟು, 2ಡಿ ನಕ್ಷೆ ಬರೆಯುವ ಆಟೋಕ್ಯಾಡ್‌ಗೆ ವಾಪಸ್ ಬಂದೆವು. ಈಗ 100 ಹಾಸಿಗೆಯ ಆಸ್ಪತ್ರೆಯ ಕೆಲಸ ಬರುವ ಹಾಗಿದೆ. ಬೆಂಗಳೂರಿನ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನವರು 'ಬಿಮ್‌ನಲ್ಲೇ ಆಗಬೇಕು, ಎಲ್‌ಒಡಿ 400 ಮಾಡೆಲ್ ಕೊಡಬೇಕು' ಅಂತ ಮೇಲ್ ಹಾಕಿದ್ದಾರೆ. ಎಲ್‌ಒಡಿ ಅಂದರೆ ಮಾಡೆಲ್‌ನ ವಿವರದ ಮಟ್ಟ ಅಂತೆ. ಸಾಫ್ಟ್‌ವೇರ್ ಮಾರುವವರು ಮೂರು ತಿಂಗಳಲ್ಲಿ ಇಡೀ ಆಫೀಸ್ ಬದಲಾಗುತ್ತದೆ, ಡ್ರಾಯಿಂಗ್ ಸಮಯ ಅರ್ಧಕ್ಕೆ ಇಳಿಯುತ್ತದೆ, ಕ್ವಾಂಟಿಟಿ (ಯಾವ ಕೆಲಸ, ಯಾವ ಸಾಮಾನು ಎಷ್ಟು ಅನ್ನುವ ಲೆಕ್ಕ) ತಾನಾಗೇ ಬರುತ್ತದೆ ಅನ್ನುತ್ತಾರೆ. ಅಪ್ಪ 'ಇದೆಲ್ಲ ಏರ್‌ಪೋರ್ಟ್ ಕಟ್ಟುವವರಿಗೆ' ಅನ್ನುತ್ತಾರೆ. ನಮ್ಮಲ್ಲಿ 24 ವರ್ಷದಿಂದ ಇರುವ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರಿದ್ದಾರೆ. ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯೋದು. 'ಮೇಡಂ, ನನ್ನ ಕೆಲಸ ಮುಗೀತಾ?' ಅಂತ ಕೇಳಿದರು. ಏನು ಹೇಳಲಿ? ನಾವು ಬದಲಾಗಬೇಕಾ, ಬೇಡವಾ?

ಉತ್ತರ: ನಿಮ್ಮ ಪತ್ರ ಓದುವಾಗ ಆಸ್ಪತ್ರೆಗಿಂತ ಮೊದಲು ನನ್ನ ಕಣ್ಣು ನಿಂತದ್ದು ಆ ಶಾಲೆಯ ಮೇಲೆ. ಅದು ಯಾಕೆ ಅರ್ಧಕ್ಕೆ ನಿಂತಿತು ಅಂತ ನೀವು ಬರೆದಿಲ್ಲ. ಟ್ರೇನಿಂಗ್ ಸಾಲಲಿಲ್ಲ ಅಂತ ನಿಮ್ಮ ಹುಡುಗರು ಹೇಳಿರಬಹುದು. ನನಗೆ ಹಾಗನಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥ ಅರ್ಧ ಮಾಡೆಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಒಂದೆರಡು ನಾನೇ ಮಾಡಿ ಬಿಟ್ಟವು. ಹೆಚ್ಚಿನವು ಕಾಲು ಎಡವುವುದು ಒಂದೇ ಜಾಗದಲ್ಲಿ, ಗೋಡೆಯಲ್ಲಿ.

ಕ್ಯಾಡ್‌ನಲ್ಲಿ ಗೋಡೆ ಅಂದರೆ ಎರಡು ಗೆರೆ, ನಡುವೆ 200 ಮಿಲಿಮೀಟರ್. ಮುಗೀತು. ಅದು ಎಷ್ಟು ಎತ್ತರ ಅಂತ ಪ್ಲಾನ್ ಬರೆಯುವವರನ್ನು ಯಾರೂ ಕೇಳುವುದಿಲ್ಲ. ಮಾಡೆಲ್‌ನಲ್ಲಿ ಗೋಡೆ ಎಳೆಯಲು ಹೋದ ಕೂಡಲೇ ಪ್ರಶ್ನೆ ಶುರು. ಕೆಳಗೆ ಎಲ್ಲಿಂದ? ಮೇಲೆ ಎಲ್ಲಿಯವರೆಗೆ, ಸ್ಲ್ಯಾಬಿನ ತಳಕ್ಕಾ, ಬೀಮಿನ ತಳಕ್ಕಾ? ಗಾರೆ ಸೇರಿ 200 ಇರಬೇಕಾ, ಗಾರೆ ಬಿಟ್ಟು 200 ಇರಬೇಕಾ? ಟಾಯ್ಲೆಟ್‌ನ ಸಂಕನ್ ಸ್ಲ್ಯಾಬ್ (ತಗ್ಗಿಸಿದ ಸ್ಲ್ಯಾಬ್) ಇರುವಲ್ಲಿ ಗೋಡೆ ಕೂರುವುದು ಯಾವುದರ ಮೇಲೆ? ನೀವು ಉತ್ತರ ಕೊಡದಿದ್ದರೆ ಸಾಫ್ಟ್‌ವೇರ್ ತಾನೇ ಏನೋ ಒಂದು ಹಾಕಿಕೊಳ್ಳುತ್ತದೆ. ಮೂರು ವಾರ ಬಿಟ್ಟು ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿ ನೋಡಿದ ನಕ್ಷೆ, ತೆಗೆದರೆ ಗೋಡೆ ಬೀಮಿನೊಳಗೆ ನುಗ್ಗಿ ನಿಂತಿರುತ್ತದೆ.

ಇಷ್ಟು ದಿನ ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಸೈಟಿನ ಮೇಸ್ತ್ರಿ. ಕೊಡುತ್ತಲೂ ಇದ್ದರು, ಚೆನ್ನಾಗಿಯೇ. ಬೀಮಿನ ತಳಕ್ಕೆ ಗೋಡೆ ಮುಟ್ಟಿಸಿ, ಉಳಿದ ಸಂದಿಗೆ ಗಾರೆ ತುಂಬಿ, 'ಆಯ್ತು ಸರ್' ಅನ್ನುತ್ತಿದ್ದರು. ಮಾಡೆಲ್ ಬಂದಾಗ ಆ ಪ್ರಶ್ನೆಗಳೆಲ್ಲ ಸೈಟ್ ಬಿಟ್ಟು ನಿಮ್ಮ ಟೇಬಲ್ಲಿಗೆ ಬರುತ್ತವೆ. ಅದೂ ಆರು ತಿಂಗಳು ಮೊದಲೇ. ಮಾಡೆಲ್ ಮಾಡಲು ಕೂರಿಸಿದ್ದು ಎರಡು ವರ್ಷ ಅನುಭವದ ಹುಡುಗನನ್ನು ಅಲ್ವಾ? ಅವನಿಗೆ ಬಟನ್ ಎಲ್ಲಿದೆ ಅಂತ ಗೊತ್ತು, ಗೋಡೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲ. ಗೊತ್ತಿರುವ ಅಣ್ಣ ಪಕ್ಕದ ಟೇಬಲ್ಲಿನಲ್ಲಿ ಆಟೋಕ್ಯಾಡ್ ಮಾಡುತ್ತಾ ಕೂತಿದ್ದರು. ನಿಮ್ಮ ಶಾಲೆ ನಿಂತದ್ದು ಹೀಗೇ ಅಂತ ನನ್ನ ಊಹೆ. ತಪ್ಪಿದ್ದರೆ ಬರೆಯಿರಿ.

(ಪಕ್ಕದ ಮಾತು: ಬಿಮ್ ಅನ್ನೋ ಪದವೇ ನಮ್ಮ ಸೈಟಿನಲ್ಲಿ ಗೊಂದಲ. ಒಮ್ಮೆ ಮೀಟಿಂಗಿನಲ್ಲಿ 'ಎರಡನೇ ಮಹಡಿ ಬಿಮ್ ಇನ್ನೂ ಸರಿ ಇಲ್ಲ' ಅಂದೆ. ಕಂಟ್ರಾಕ್ಟರ್ ಗಾಬರಿಯಾಗಿ 'ಯಾವ ಬೀಮ್ ಸರ್? ನಿನ್ನೆ ತಾನೇ ಸೆಂಟ್ರಿಂಗ್ ಬಿಚ್ಚಿದ್ವಿ!' ಅಂದರು. ಅಂದಿನಿಂದ ನಾನು ಸೈಟಿನಲ್ಲಿ ಮಾಡೆಲ್ ಅಂತಲೇ ಹೇಳುವುದು.)

ಅಪ್ಪನ ಮಾತಿಗೆ ಬರೋಣ. ಏರ್‌ಪೋರ್ಟ್, ಮೆಟ್ರೊಗಳಲ್ಲಿ ಇದು ಜಾಸ್ತಿ ಕಾಣುತ್ತದೆ, ನಿಜ. ಬ್ರಿಟನ್ನಿನ ಸರ್ಕಾರ ತಾನು ಕಟ್ಟಿಸುವ ಕೆಲಸಗಳಿಗೆ 2016ರಿಂದ ಬಿಮ್ ಬೇಕೇ ಬೇಕು ಅಂದಿತು. ಸಿಂಗಪುರ 2015ರಲ್ಲೇ 5,000 ಚದರ ಮೀಟರ್‌ಗಿಂತ ದೊಡ್ಡ ಕಟ್ಟಡಗಳ ಅನುಮತಿಗೆ ಮಾಡೆಲ್ ಕೇಳತೊಡಗಿತು. ನಮ್ಮಲ್ಲಿ ಖಾಸಗಿ ಕಟ್ಟಡಕ್ಕೆ ಅಂಥ ಕಾನೂನು ಇಲ್ಲ. ಪಾಲಿಕೆಯ ಮಂಜೂರಾತಿಗೆ ಇವತ್ತಿಗೂ 2ಡಿ ನಕ್ಷೆಯೇ ಹೋಗೋದು. ಹಾಗಾಗಿ ನಿಮ್ಮನ್ನು ಯಾರೂ ಬಲವಂತ ಮಾಡುತ್ತಿಲ್ಲ, ಈ ಒಬ್ಬ ಗಿರಾಕಿಯನ್ನು ಬಿಟ್ಟರೆ. ಆದರೆ ಬಿಮ್ ದೊಡ್ಡವರಿಗೆ ಮಾತ್ರ ಅನ್ನೋದು ಸರಿಯಲ್ಲ. ಐಡಿಯಾ ಹೊಸದೂ ಅಲ್ಲ. ಚಕ್ ಈಸ್ಟ್‌ಮನ್ ಅನ್ನುವ ಅಮೆರಿಕನ್ ಪ್ರೊಫೆಸರ್ 1970ರ ದಶಕದಲ್ಲೇ ಇದನ್ನು ಬರೆದಿದ್ದರು. ಗೆರೆಗಳನ್ನು ಬರೆಯಬೇಡಿ, ಕಟ್ಟಡದ ಭಾಗಗಳನ್ನೇ ಕಂಪ್ಯೂಟರ್‌ಗೆ ಹೇಳಿ, ಪ್ಲಾನ್ ಸೆಕ್ಷನ್‌ಗಳು ಅದರಿಂದಲೇ ಬರಲಿ ಅಂತ. ಇದೇ ಥರದ ಸಾಫ್ಟ್‌ವೇರ್ ಹಂಗೇರಿಯ ಆರ್ಕಿಕ್ಯಾಡ್ 80ರ ದಶಕದಿಂದ ಇದೆ. ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ರೆವಿಟ್ ಅನ್ನು ಕೊಂಡುಕೊಂಡಿದ್ದೇ 2002ರಲ್ಲಿ. ಇದರಿಂದ ಲಾಭವಾಗುವುದು ಕಟ್ಟಡ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದರಲ್ಲಿ ಎಷ್ಟು ಪೈಪು, ಎಷ್ಟು ಡಕ್ಟು (ಎಸಿಯ ಗಾಳಿ ಹೋಗುವ ಕೊಳವೆ) ತುಂಬಿದೆ ಅನ್ನುವುದರ ಮೇಲೆ. 30 ಬೈ 40 ಸೈಟಿನ ಮನೆಗೆ ನಾನು ಯಾರಿಗೂ ಬಿಮ್ ಮಾಡಿ ಅನ್ನುವುದಿಲ್ಲ. ಆಸ್ಪತ್ರೆಗೆ ಖಂಡಿತ ಅನ್ನುತ್ತೇನೆ.

ಯಾಕೆ ಅಂತ ಒಂದು ಕಾರಿಡಾರ್ ತೋರಿಸುತ್ತೇನೆ

ಒಂದು ಮಹಡಿಯಿಂದ ಇನ್ನೊಂದಕ್ಕೆ 3600 ಮಿಲಿಮೀಟರ್ ಇದೆ ಅನ್ನಿ. ನೆಲದ ಫಿನಿಶಿಂಗ್‌ಗೆ 75 ಹೋಯಿತು. ಉಳಿದದ್ದು 3525. ಕಾರಿಡಾರಿಗೆ ಅಡ್ಡ ಹಾಯುವ ಬೀಮು ಸ್ಲ್ಯಾಬ್ ಸೇರಿ 600. ಅದರ ಕೆಳಗೆ ಉಳಿಯಿತು 2925. ಎಸಿ ಡಕ್ಟು 400, ಮೇಲೆ ಕೆಳಗೆ ಇನ್ಸುಲೇಷನ್ 25-25, ಒಟ್ಟು 450. ಈಗ 2475. ಡಕ್ಟಿನ ಕೆಳಗೆ ಅಡ್ಡ ಹೋಗುವ ಕೇಬಲ್ ಟ್ರೇ, ಸ್ಪ್ರಿಂಕ್ಲರ್ ಪೈಪಿಗೆ 100. ಫಾಲ್ಸ್ ಸೀಲಿಂಗ್, ಅದರ ಲೈಟು ಅಂತ 125. ನಿಮ್ಮ ಕೈಯಲ್ಲಿ ಉಳಿದದ್ದು 2250. ಗಿರಾಕಿಗೆ ಹೇಳಿದ್ದು 2400.

150 ಮಿಲಿಮೀಟರ್ ಕಮ್ಮಿ. ಒಂದು ಗೇಣಿಗಿಂತ ಚಿಕ್ಕದು. ಇದು ಡಿಸೈನ್ ಹಂತದಲ್ಲಿ ಗೊತ್ತಾದರೆ ಅಪ್ಪನ ಹತ್ತಿರ ಹೋಗಿ ಕೇಳುತ್ತೀರಿ. ಅವರು ಬೀಮನ್ನು 450ಕ್ಕೆ ಇಳಿಸಿ ಅಗಲ ಮಾಡಲು ಬರುತ್ತದಾ ಅಂತ ಅರ್ಧ ಗಂಟೆ ಲೆಕ್ಕ ಹಾಕಿ ಹೇಳುತ್ತಾರೆ. ಇಲ್ಲವಾದರೆ ಎಸಿಯವರು ಡಕ್ಟನ್ನು ಚಪ್ಪಟೆ ಮಾಡುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಗೊತ್ತಾದರೆ? ಯಾರೋ ಬೀಮಿಗೆ ಕೋರ್ ಕಟಿಂಗ್ ಮಾಡಿ ತೂತು ಕೊರೆಯಲಾ ಅಂತ ಫೋನ್ ಮಾಡುತ್ತಾರೆ. ಇಲ್ಲಾ, ಕೇಳದೇ ಮಾಡಿರುತ್ತಾರೆ. ಎರಡನೆಯದನ್ನೂ ನೋಡಿದ್ದೇನೆ. ಕತ್ತರಿಸಿದ ಕಂಬಿಯ ತುಂಡು ನೆಲದ ಮೇಲೆ ಬಿದ್ದಿತ್ತು. ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನು ಕೈಯಲ್ಲಿ ಹಿಡಿದು ಐದು ನಿಮಿಷ ಮಾತೇ ಆಡಲಿಲ್ಲ.

ಈ ಲೆಕ್ಕವನ್ನು ಒಂದು ಚೀಟಿಯ ಮೇಲೂ ಮಾಡಬಹುದಿತ್ತು ಅಂತ ನೀವು ಹೇಳಬಹುದು. ಮಾಡಬಹುದು, ಒಂದು ಜಾಗಕ್ಕೆ. ನಾಲ್ಕು ಮಹಡಿ, ಐವತ್ತು ತಿರುವು, ಆಕ್ಸಿಜನ್ ಲೈನು, ಡ್ರೈನೇಜ್ ಇಳಿಜಾರು ಎಲ್ಲ ಸೇರಿದಾಗ ಚೀಟಿ ಸಾಲುವುದಿಲ್ಲ. ಆದರೆ ಒಂದು ಷರತ್ತು: ಎಸಿ, ಪ್ಲಂಬಿಂಗ್, ಎಲೆಕ್ಟ್ರಿಕಲ್ ಕನ್ಸಲ್ಟೆಂಟ್‌ಗಳೂ ಮಾಡೆಲ್ ಕೊಡಬೇಕು. ಅವರು ಕ್ಯಾಡ್ ಗೆರೆ ಕಳಿಸಿ, ನೀವು ಮಾತ್ರ ಬಿಮ್ ಮಾಡಿದರೆ ಈ ಕಾರಿಡಾರ್ ಯಾವ ಸ್ಕ್ರೀನಿನಲ್ಲೂ ಕಾಣುವುದಿಲ್ಲ. ನೀವೇ ಅವರ ಪೈಪುಗಳನ್ನು ಮಾಡೆಲ್ ಮಾಡುವುದಾದರೆ ಅದು ಬೇರೆ ಕೆಲಸ, ಅದಕ್ಕೆ ಬೇರೆ ದುಡ್ಡು.

ಮಾರುವವರು ಹೇಳಿದ ಮೂರು ಮಾತು

ಡ್ರಾಯಿಂಗ್ ಸಮಯ ಅರ್ಧಕ್ಕೆ ಇಳಿಯುತ್ತದೆ ಅನ್ನೋದು ಮೊದಲನೆಯದು. ಮೊದಲ ಪ್ರಾಜೆಕ್ಟಿನಲ್ಲಿ ಜಾಸ್ತಿ ಆಗುತ್ತದೆ. ನಾನು ಜೊತೆಗಿದ್ದು ನೋಡಿದ ಆಫೀಸುಗಳಲ್ಲಿ ಕ್ಯಾಡ್‌ಗೆ ಹಿಡಿಯುವುದರ ಒಂದೂವರೆ ಪಟ್ಟು ಹಿಡಿದಿದೆ. ಎರಡನೆಯದು ಸರಿಸಮ, ಮೂರನೆಯದರಿಂದ ಉಳಿತಾಯ. ಉಳಿತಾಯವೂ ಮುಖ್ಯವಾಗಿ ಬದಲಾವಣೆಯಲ್ಲಿ. ಗಿರಾಕಿ ಬಂದು ಕಿಟಕಿ ಅಗಲ ಮಾಡಿ ಅಂದರೆ ಪ್ಲಾನ್, ಎಲಿವೇಷನ್, ಸೆಕ್ಷನ್, ಕಿಟಕಿಯ ಪಟ್ಟಿ ಎಲ್ಲ ಒಟ್ಟಿಗೆ ಬದಲಾಗುತ್ತವೆ. ಕ್ಯಾಡ್‌ನಲ್ಲಿ ನಾಲ್ಕು ಕಡೆ ತಿದ್ದಬೇಕು, ಒಂದು ಕಡೆ ಮರೆಯುತ್ತದೆ. ಆ ಮರೆತ ಒಂದೇ ಸೈಟಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ವಿಷಯ ಫೀಸಿನದು. ಮಾಡೆಲ್‌ನಲ್ಲಿ ಕೆಲಸ ಮುಂದಕ್ಕೆ ಜಗ್ಗಿಕೊಂಡು ಬರುತ್ತದೆ. ಸೈಟಿಗೆ ಕೊಡುವ ವರ್ಕಿಂಗ್ ಡ್ರಾಯಿಂಗ್ ಹಂತದಲ್ಲಿ ಮಾಡುತ್ತಿದ್ದ ತಲೆಬಿಸಿಯನ್ನು ಪ್ರಿಲಿಮಿನರಿ ಡಿಸೈನ್ ಹಂತದಲ್ಲೇ ಮಾಡುತ್ತೀರಿ. ಪ್ಯಾಟ್ರಿಕ್ ಮ್ಯಾಕ್ಲೀಮಿ ಅನ್ನುವ ಆರ್ಕಿಟೆಕ್ಟ್ ಇದನ್ನು ಒಂದು ಗ್ರಾಫ್ ಮಾಡಿ ತೋರಿಸಿದರು, ಈ ಕ್ಷೇತ್ರದಲ್ಲಿ ಅದು ಅವರ ಹೆಸರಿನಲ್ಲೇ ಓಡಾಡುತ್ತದೆ. ಆದರೆ ನಮ್ಮ ಫೀಸಿನ ಕಂತುಗಳು ಹಳೇ ಲೆಕ್ಕದಲ್ಲೇ ಇವೆ. ವರ್ಕಿಂಗ್ ಡ್ರಾಯಿಂಗ್ ಕೊಟ್ಟ ಮೇಲೆ ಬರುವ ಕಂತಿಗೆ ಕಾಯುತ್ತಾ ಕೂತರೆ, ಸಂಬಳ ಕೊಡುವ ಒಂದನೇ ತಾರೀಕು ಅಷ್ಟು ಹೊತ್ತಿಗೆ ನಾಲ್ಕು ಸಲ ಬಂದು ಹೋಗಿರುತ್ತದೆ. ಸಣ್ಣ ಆಫೀಸುಗಳು ಬಿಮ್ ಬಿಟ್ಟಿದ್ದನ್ನು ನಾನು ಜಾಸ್ತಿ ನೋಡಿರುವುದು ಈ ಕಾರಣಕ್ಕೆ. ಸಾಫ್ಟ್‌ವೇರ್ ಬರದೇ ಬಿಟ್ಟವರು ಕಮ್ಮಿ. ಆಸ್ಪತ್ರೆಯವರ ಜೊತೆ ಒಪ್ಪಂದ ಬರೆಯುವಾಗ ಒಟ್ಟು ಮೊತ್ತ ಹೆಚ್ಚಿಸಲು ಆಗದಿದ್ದರೂ, ಪ್ರಿಲಿಮಿನರಿ ಡಿಸೈನ್ ಕಂತನ್ನು ದೊಡ್ಡದು ಮಾಡಿ ಅಂತ ಕೇಳಿ. ಇದನ್ನು ಕೊಡಲು ಗಿರಾಕಿಗಳು ಅಷ್ಟೇನೂ ಹಿಂದೆ ಮುಂದೆ ನೋಡುವುದಿಲ್ಲ. ಕೇಳುವವರೇ ಕಮ್ಮಿ.

ಎರಡನೇ ಮಾತು, ಕ್ವಾಂಟಿಟಿ ತಾನಾಗೇ ಬರುತ್ತದೆ. ಬರುತ್ತದೆ. ಆದರೆ ಯಾವ ಕ್ವಾಂಟಿಟಿ? ಇಲ್ಲಿ ಸ್ವಲ್ಪ ನಿಧಾನಿಸಿ, ಏಕೆಂದರೆ ಇದರಲ್ಲಿ ಕೈ ಸುಟ್ಟುಕೊಂಡವರು ಬಹಳ.

ನಮ್ಮ ಬಿಲ್ಲು ನಡೆಯುವುದು ಐಎಸ್ 1200 ಅನ್ನುವ ಭಾರತೀಯ ಮಾನದಂಡದ ಅಳತೆ ಪದ್ಧತಿಯ ಮೇಲೆ. ಪ್ಲಾಸ್ಟರಿಂಗ್ ತಗೊಳ್ಳಿ. ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಏನನ್ನೂ ಕಳೆಯುವ ಹಾಗಿಲ್ಲ. ಅರ್ಧದಿಂದ 3 ಚದರ ಮೀಟರ್‌ವರೆಗೆ, ಎರಡೂ ಕಡೆ ಒಂದೇ ಗಾರೆ ಇದ್ದರೆ, ಒಂದು ಮುಖ ಮಾತ್ರ ಕಳೆಯಬೇಕು. ಇನ್ನೊಂದು ಮುಖವನ್ನು ಕಿಟಕಿಯ ಅಂಚಿನ ಗಾರೆಯ ಕೆಲಸಕ್ಕೆ ಅಂತ ಬಿಟ್ಟುಕೊಡುತ್ತಾರೆ. 3 ದಾಟಿದರೆ ಎರಡೂ ಮುಖ ಕಳೆದು ಅಂಚನ್ನು ಅಳೆದು ಕೂಡಿಸಬೇಕು. ಮಾಡೆಲ್‌ಗೆ ಈ ಸಂಪ್ರದಾಯ ಗೊತ್ತಿಲ್ಲ. ಅದಕ್ಕೆ ತೂತು ಅಂದರೆ ತೂತು. 1.2 ಬೈ 1.5 ಮೀಟರಿನ ಕಿಟಕಿ 1.8 ಚದರ ಮೀಟರ್. ಬಿಲ್ಲಿನಲ್ಲಿ ಒಂದು ಸಲ ಕಳೆಯುತ್ತೀರಿ, ಮಾಡೆಲ್ ಎರಡು ಸಲ ಕಳೆಯುತ್ತದೆ. ಅಂಥ 120 ಕಿಟಕಿ ಇದ್ದರೆ 216 ಚದರ ಮೀಟರ್ ವ್ಯತ್ಯಾಸ. ಮಾಡೆಲ್ ತಪ್ಪು ಹೇಳಿಲ್ಲ, ಕಂಟ್ರಾಕ್ಟರೂ ತಪ್ಪು ಹೇಳಿಲ್ಲ. ಆದರೂ ಜಗಳ ಆಗುತ್ತದೆ.

ಕಾಂಕ್ರೀಟಿನಲ್ಲೂ ಹೀಗೇ. ಬೀಮು ಮತ್ತು ಸ್ಲ್ಯಾಬ್ ಸೇರುವಲ್ಲಿ ಸ್ಲ್ಯಾಬಿನ ದಪ್ಪದ 150 ಮಿಲಿಮೀಟರ್ ಯಾರ ಲೆಕ್ಕಕ್ಕೆ? ನಾವು ಸ್ಲ್ಯಾಬನ್ನು ಪೂರ್ತಿ ಅಳೆದು, ಬೀಮನ್ನು ಸ್ಲ್ಯಾಬಿನ ತಳದಿಂದ ಅಳೆಯುವವರು. ಮಾಡೆಲ್‌ನಲ್ಲಿ ಯಾವುದು ಯಾವುದನ್ನು ಕತ್ತರಿಸಬೇಕು ಅಂತ ಸರಿಯಾಗಿ ಹೇಳಿಕೊಡದಿದ್ದರೆ ಬೀಮಿನ ಪಟ್ಟಿಯಲ್ಲಿ ಜಾಸ್ತಿ, ಸ್ಲ್ಯಾಬಿನ ಪಟ್ಟಿಯಲ್ಲಿ ಕಮ್ಮಿ ಬರುತ್ತದೆ. ಎಣಿಸುವ ವಸ್ತುಗಳಿಗೆ, ಅಂದರೆ ಬಾಗಿಲು, ಕಿಟಕಿ, ವಾಶ್ ಬೇಸಿನ್, ಲೈಟು ಇಂಥವಕ್ಕೆ ಮಾಡೆಲ್ ಪಟ್ಟಿಯನ್ನು ಕಣ್ಣು ಮುಚ್ಚಿ ಅಲ್ಲದಿದ್ದರೂ ಧೈರ್ಯವಾಗಿ ನಂಬಬಹುದು. ಅಳೆಯುವ ವಸ್ತುಗಳಿಗೆ ಮೊದಲ ಎರಡು ಪ್ರಾಜೆಕ್ಟ್ ಹಳೇ ಎಕ್ಸೆಲ್ ಶೀಟನ್ನೂ ಪಕ್ಕದಲ್ಲಿ ಇಟ್ಟುಕೊಂಡಿರಿ.

ಮೂರು ತಿಂಗಳಲ್ಲಿ ಇಡೀ ಆಫೀಸ್ ಅನ್ನೋ ಮೂರನೇ ಮಾತಿಗೆ ಉತ್ತರ ಬೇಕಾ? ಹತ್ತು ದಿನದ ಟ್ರೇನಿಂಗ್ ಏನಾಯಿತು ಅಂತ ನೀವೇ ನೋಡಿದ್ದೀರಿ.

ಅಪ್ಪನ ಕೆಲಸದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ, ಅದನ್ನೂ ಹೇಳಿಬಿಡುತ್ತೇನೆ. ಇಟ್ಯಾಬ್ಸ್, ಸ್ಟಾಡ್‌ನಂಥ ಸಾಫ್ಟ್‌ವೇರಿನಲ್ಲಿ ಕಟ್ಟಡ ಭಾರ ತಡೆಯುತ್ತದಾ ಅಂತ ನೋಡಲು ಮಾಡುವ ಲೆಕ್ಕದ ಮಾಡೆಲ್ ಬೇರೆ, ಕಟ್ಟಡದ ಮಾಡೆಲ್ ಬೇರೆ. ಲೆಕ್ಕದಲ್ಲಿ ಬೀಮು ಅಂದರೆ ಒಂದು ಗೆರೆ, ಕಾಲಂನ ನಡುಮಧ್ಯಕ್ಕೆ ಬಂದು ಸೇರುತ್ತದೆ. ನಿಜದಲ್ಲಿ ಅದು ಕಾಲಂನ ಹೊರ ಅಂಚಿಗೆ ಸರಿಸಮ ಬರಬೇಕು, ಹೊರಗೋಡೆ ನೇರ ನಿಲ್ಲಬೇಕಲ್ಲ. ಎರಡನ್ನೂ ಒಂದೇ ಬಟನ್ನಿನಲ್ಲಿ ಜೋಡಿಸಬಹುದು ಅಂತ ಡೆಮೋದಲ್ಲಿ ತೋರಿಸುತ್ತಾರೆ. ಜೋಡಿಸುವ ಸಾಧನಗಳಿವೆ, ನಾನೂ ಬಳಸಿದ್ದೇನೆ. ಮೊದಲ ವರ್ಷ ಅದಕ್ಕೆ ಕೈ ಹಾಕಬೇಡಿ. ಗ್ರಿಡ್, ಲೆವೆಲ್, ಕಾಲಂ ಬೀಮಿನ ಅಳತೆ, ಇಷ್ಟು ಎರಡೂ ಕಡೆ ಒಂದೇ ಇದ್ದರೆ ಸಾಕು. ಕಂಬಿಯ ವಿವರ ಅಪ್ಪನವರ ತಂಡ ಕ್ಯಾಡ್‌ನಲ್ಲೇ ಮಾಡಲಿ. 3ಡಿಯಲ್ಲಿ ಕಂಬಿ ಹಾಕಲು ಹೋದರೆ ಕಂಪ್ಯೂಟರೂ ಸುಸ್ತು, ಮನುಷ್ಯರೂ ಸುಸ್ತು.

ಎಲ್‌ಒಡಿ 400 ಯಾರ ಕೆಲಸ?

ಮೇಲ್ ಬರೆದವರು ಬಹುಶಃ ಎಲ್ಲಿಂದಲೋ ಎತ್ತಿ ಹಾಕಿದ್ದಾರೆ. ಎಲ್‌ಒಡಿ ಅಂದರೆ ಮಾಡೆಲ್‌ನ ಒಂದೊಂದು ಭಾಗ ಎಷ್ಟು ಪಕ್ಕಾ ಆಗಿದೆ ಅನ್ನುವ ಅಂಕ. 100 ಅಂದರೆ ಬರೀ ಅಂದಾಜು. 200ರಲ್ಲಿ ಸುಮಾರು ಅಳತೆ. 300ರಲ್ಲಿ ಅಳತೆ, ಜಾಗ ಎರಡೂ ಖಚಿತ. 350ರಲ್ಲಿ ಅಕ್ಕಪಕ್ಕದ ವಸ್ತುಗಳಿಗೆ ಹೇಗೆ ಸೇರುತ್ತದೆ ಅನ್ನೋದೂ ಇರುತ್ತದೆ. 400 ಅಂದರೆ ಅದನ್ನು ನೋಡಿ ವರ್ಕ್‌ಶಾಪಿನಲ್ಲಿ ವಸ್ತು ತಯಾರಿಸಬಹುದು. 500 ಅಂದರೆ ಕಟ್ಟಿದ ಮೇಲೆ ಸೈಟಿನಲ್ಲಿ ಅಳೆದು ಸರಿ ನೋಡಿದ್ದು. ಡಕ್ಟನ್ನು ಯಾವ ಕಂಪನಿ ಮಾಡುತ್ತದೆ ಅಂತ ಟೆಂಡರ್ ಆಗುವ ಮೊದಲು ನಿಮಗೆ ಹೇಗೆ ಗೊತ್ತು? 400 ಸಾಮಾನ್ಯವಾಗಿ ಕಂಟ್ರಾಕ್ಟರ್ ಮತ್ತು ಅವರ ಕೆಳಗಿನವರ ಕೆಲಸ, ವರ್ಕ್‌ಶಾಪಿಗೆ ಅಂತ ಅವರೇ ಮಾಡುವ ಶಾಪ್ ಡ್ರಾಯಿಂಗ್ ಇದ್ದ ಹಾಗೆ. ನೀವು 300 ಕೊಡುತ್ತೇವೆ, ಕಾರಿಡಾರ್ ಸೀಲಿಂಗ್, ಆಪರೇಷನ್ ಥಿಯೇಟರ್, ಪೈಪುಗಳು ಇಳಿಯುವ ಶಾಫ್ಟ್‌ಗಳಲ್ಲಿ 350 ಕೊಡುತ್ತೇವೆ ಅಂತ ಬರೆಯಿರಿ. ಅರ್ಥ ಗೊತ್ತಿದ್ದವರು ಒಪ್ಪುತ್ತಾರೆ. ಗೊತ್ತಿಲ್ಲದವರು ನಿಮ್ಮ ಮೇಲ್ ನೋಡಿ ಯಾರನ್ನೋ ಕೇಳುತ್ತಾರೆ, ಆಮೇಲೆ ಒಪ್ಪುತ್ತಾರೆ.

ಈ ಅಂಕದ ಬಗ್ಗೆ ನನಗೆ ಇಷ್ಟು ಕೋಪ ಯಾಕೆ ಅಂದರೆ ನಾನೂ ಒಮ್ಮೆ ಇದರಲ್ಲಿ ಬಿದ್ದೆ. ನಾನು ಮೊದಲು ಹೊಣೆ ಹೊತ್ತದ್ದು ನಾಲ್ಕು ಮಹಡಿಯ ಒಂದು ಕಾಲೇಜು ಕಟ್ಟಡ. ಹುಮ್ಮಸ್ಸು ಜಾಸ್ತಿ ಇತ್ತು. ತಯಾರಕರ ವೆಬ್‌ಸೈಟಿನಿಂದ ನಲ್ಲಿ, ಕಮೋಡು, ಕುರ್ಚಿ ಎಲ್ಲ ಇಳಿಸಿ ಹಾಕಿದೆವು. ನಲ್ಲಿಯ ಒಳಗಿನ ವಾಷರ್ ಕೂಡ ಅದರಲ್ಲಿ ಇತ್ತು! ಫೈಲ್ 700 ಎಂಬಿ ಮುಟ್ಟಿತು. ಬೆಳಗ್ಗೆ ತೆರೆಯಲು ಕ್ಲಿಕ್ ಮಾಡಿ ಕಾಫಿಗೆ ಹೋಗಿ ಬಂದರೂ ಸ್ಕ್ರೀನು ಬೆಳ್ಳಗೇ ಇರುತ್ತಿತ್ತು. ಇದು ಸಾಲದು ಅಂತ, ಒಬ್ಬ ಕನ್ಸಲ್ಟೆಂಟ್ ನಮ್ಮ ಫೈಲನ್ನು ರೆವಿಟ್‌ನ ಇನ್ನೂ ಹೊಸ ವರ್ಷನ್ನಿನಲ್ಲಿ ತೆರೆದು ಸೇವ್ ಮಾಡಿ ಕಳಿಸಿದರು. ರೆವಿಟ್‌ನಲ್ಲಿ ಹೊಸದರಲ್ಲಿ ಸೇವ್ ಆದ ಫೈಲು ಹಳೆಯದರಲ್ಲಿ ತೆರೆಯುವುದೇ ಇಲ್ಲ, ಹಿಂದಕ್ಕೆ ಇಳಿಸುವ ದಾರಿಯೂ ಇಲ್ಲ. ಹಿಂದಿನ ಪ್ರತಿ ಹುಡುಕಿ, ಎರಡು ದಿನದ ಕೆಲಸ ಮತ್ತೆ ಮಾಡಿದೆವು. ಆದ್ದರಿಂದ ಯಾವ ವರ್ಷನ್ ಅಂತ ಮೊದಲ ಮೀಟಿಂಗಿನಲ್ಲೇ ಬರೆಸಿಕೊಳ್ಳಿ. ಪ್ರಾಜೆಕ್ಟ್ ಮುಗಿಯುವವರೆಗೆ ಯಾರೂ ಅಪ್‌ಗ್ರೇಡ್ ಮಾಡುವ ಹಾಗಿಲ್ಲ ಅನ್ನೋದನ್ನೂ.

ನಿಮ್ಮ ಮುಂದಿರುವ ದಾರಿಗಳು

ಮಾಡೆಲ್ ಕೆಲಸವನ್ನು ಹೊರಗೆ ಕೊಡುವುದು ಸುಲಭದ ದಾರಿ. ಬೆಂಗಳೂರಿನಲ್ಲಿ ಹೊರದೇಶದ ಆಫೀಸುಗಳಿಗೆ ಮಾಡೆಲ್ ಮಾಡಿಕೊಡುವವರು ಬೇಕಾದಷ್ಟು ಇದ್ದಾರೆ. ನೀವು ಕ್ಯಾಡ್ ಕಳಿಸಿದರೆ ಅವರು ಮಾಡೆಲ್ ಕಳಿಸುತ್ತಾರೆ. ಗಿರಾಕಿಗೆ ತೋರಿಸಲು ಆಯಿತು. ಅಪಾಯ ಏನಂದರೆ ಅದು ನಕ್ಷೆ ಮುಗಿದ ಮೇಲೆ ಹುಟ್ಟಿದ ಮಾಡೆಲ್. ಅವರ ಹುಡುಗ ಗೋಡೆ ಎಲ್ಲಿಗೆ ನಿಲ್ಲಬೇಕು ಅಂತ ನಿಮಗೆ ಫೋನ್ ಮಾಡುವುದಿಲ್ಲ, ಏನೋ ಒಂದು ಹಾಕುತ್ತಾನೆ. ನೀವು ನಕ್ಷೆ ತಿದ್ದಿದಾಗ ಮಾಡೆಲ್ ಹಿಂದೆ ಉಳಿಯುತ್ತದೆ. ಎರಡು ಸತ್ಯ ಆಗುತ್ತವೆ. ಪ್ರಾಜೆಕ್ಟ್ ಮುಗಿದಾಗ ನಿಮ್ಮ ಆಫೀಸಿಗೆ ಏನೂ ಬಂದಿರುವುದಿಲ್ಲ, ಬಿಲ್ ಒಂದು ಬಿಟ್ಟು.

ಎಲ್ಲರೂ ಒಟ್ಟಿಗೆ ಬದಲಾಗುವುದು ಇನ್ನೊಂದು. 12 ಜನಕ್ಕೆ ಇದು ಬೇಡವೇ ಬೇಡ. ನಡೆಯುತ್ತಿರುವ ಮನೆಗಳು, ಮಂಟಪಗಳು ಎಲ್ಲ ಒಂದೇ ಸಲ ನಿಲ್ಲುತ್ತವೆ.

ಕೆಲಸ ಬಿಡುವುದೂ ಒಂದು ದಾರಿಯೇ. ನಾಚಿಕೆ ಪಡುವಂಥದ್ದಲ್ಲ. ಮನೆ ಮತ್ತು ಮಂಟಪದಲ್ಲೇ ಕೈ ತುಂಬ ಕೆಲಸ ಇದ್ದು, ಆಸ್ಪತ್ರೆಗಳ ಕಡೆಗೆ ಹೋಗುವ ಆಸೆ ಇಲ್ಲದಿದ್ದರೆ ಕ್ಯಾಡ್‌ನಲ್ಲಿ ಇನ್ನೂ ಎಷ್ಟೋ ವರ್ಷ ಮರ್ಯಾದೆಯಾಗಿ ಇರಬಹುದು. ನರ್ಸಿಂಗ್ ಹೋಮ್ ಮಾಡಿ, ಈಗ ಆಸ್ಪತ್ರೆಗೆ ಬಂದಿದ್ದೀರಿ ಅನ್ನೋದು ನೋಡಿದರೆ ನಿಮಗೆ ಆ ಆಸೆ ಇದೆ ಅಂದುಕೊಳ್ಳುತ್ತೇನೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಆ ಅರ್ಧಕ್ಕೆ ನಿಂತ ಶಾಲೆಯ ಮಾಡೆಲ್ ಇನ್ನೂ ಕಂಪ್ಯೂಟರಿನಲ್ಲಿ ಇದೆಯಲ್ವಾ? ಅದನ್ನು ತೆಗೆದು ಮುಗಿಸಿ. ಶಾಲೆ ಕಟ್ಟಿ ಆಗಿರಬಹುದು, ಪರವಾಗಿಲ್ಲ. ಗಡುವಿಲ್ಲ, ಗಿರಾಕಿ ಇಲ್ಲ, ತಪ್ಪು ಮಾಡಿದರೆ ದುಡ್ಡು ಹೋಗುವುದಿಲ್ಲ. ಉತ್ತರವೂ ಕಣ್ಣ ಮುಂದೆ ನಿಂತಿದೆ, ಸೈಟಿಗೆ ಹೋಗಿ ಟೇಪು ಹಿಡಿದು ನೋಡಬಹುದು. ಇಬ್ಬರು ಹುಡುಗರು, ಆರು ವಾರ. ಈ ಆರು ವಾರದಲ್ಲಿ ನಿಮ್ಮ ಟೆಂಪ್ಲೇಟ್ ತಯಾರಾಗಬೇಕು: ಟೈಟಲ್ ಬ್ಲಾಕ್, ಗೆರೆಯ ದಪ್ಪ, ನೀವು ನಿಜವಾಗಿ ಬಳಸುವ ಐದಾರು ಬಗೆಯ ಗೋಡೆ, ನಾಲ್ಕು ಬಗೆಯ ಬಾಗಿಲು, ಶೀಟಿಗೆ ಹೆಸರಿಡುವ ಕ್ರಮ. ಇದಿಲ್ಲದೆ ಆಸ್ಪತ್ರೆ ಶುರು ಮಾಡಿದರೆ ಮೊದಲ ತಿಂಗಳು ಬಾಗಿಲಿನ ಗೆರೆ ಯಾಕೆ ದಪ್ಪ ಬರುತ್ತಿದೆ ಅನ್ನುವುದರಲ್ಲೇ ಹೋಗುತ್ತದೆ.

ಆಮೇಲೆ ಆಸ್ಪತ್ರೆ. ಆ ಇಬ್ಬರ ಜೊತೆ ಅಪ್ಪನ ಕಡೆಯಿಂದ ಒಬ್ಬರು, ನೀವು. ಉಳಿದವರು ಕ್ಯಾಡ್‌ನಲ್ಲಿ ಉಳಿದ ಕೆಲಸ ನೋಡಿಕೊಳ್ಳಲಿ. ಒಂದೇ ಫೈಲಿನಲ್ಲಿ ಮೂರು ಜನ ಕೂರಬೇಕಾದರೆ ರೆವಿಟ್ ಎಲ್‌ಟಿ ಆಗುವುದಿಲ್ಲ, ಅದರಲ್ಲಿ ಹಂಚಿಕೊಂಡು ಕೆಲಸ ಮಾಡುವ ಸೌಲಭ್ಯ ಇಲ್ಲ. ಕಮ್ಮಿ ರೇಟು ಅಂತ ಯಾರಾದರೂ ಅದನ್ನು ತೋರಿಸಿದರೆ ಇದು ನೆನಪಿರಲಿ.

ಇದರಲ್ಲಿ ಅಪಾಯ ಇಲ್ಲವಾ? ಇದೆ. ಚೆನ್ನಾಗಿ ಕಲಿತ ಹುಡುಗ ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಹೊರದೇಶದ ಕೆಲಸ ಮಾಡುವವರು ಕೊಡುವ ಸಂಬಳ ನಿಮಗೆ ಕೊಡಲು ಆಗಲಿಕ್ಕಿಲ್ಲ. ಅದಕ್ಕೇ ಇಬ್ಬರು ಅಂದದ್ದು. ಮತ್ತು ಕಲಿತದ್ದು ಅವನ ತಲೆಯಲ್ಲಿ ಮಾತ್ರ ಉಳಿಯದೆ ಟೆಂಪ್ಲೇಟಿಗೆ ಬರಬೇಕು.

ಇನ್ನೊಂದು, ಕ್ಲ್ಯಾಶ್ ರಿಪೋರ್ಟ್, ಅಂದರೆ ಮಾಡೆಲ್‌ನಲ್ಲಿ ಒಂದರೊಳಗೊಂದು ನುಗ್ಗಿದ ಭಾಗಗಳ ಪಟ್ಟಿ, ನೋಡಿ ಹೆದರಬೇಡಿ. ಮೊದಲ ಸಲ ಎಲ್ಲರ ಮಾಡೆಲ್ ಸೇರಿಸಿ ಓಡಿಸಿದಾಗ ಸಾವಿರಕ್ಕೂ ಮೇಲೆ ಬರಬಹುದು. ಅದರಲ್ಲಿ ಬಹುಪಾಲು ಪೈಪು ಗೋಡೆಯೊಳಗೆ ಹೋಗಿದೆ ಅನ್ನೋ ಥರದ್ದು. ಪೈಪು ಮತ್ತೆಲ್ಲಿ ಹೋಗಬೇಕು? ಡಕ್ಟು-ಬೀಮು, ಡ್ರೈನೇಜ್-ಬೀಮು, ಡಕ್ಟು-ಕೇಬಲ್ ಟ್ರೇ, ಮೊದಲು ಈ ಮೂರನ್ನೇ ನೋಡಿ. ವಾರಕ್ಕೊಂದು ದಿನ ಎಲ್ಲ ಕನ್ಸಲ್ಟೆಂಟ್‌ಗಳನ್ನೂ ಒಂದೇ ಸ್ಕ್ರೀನಿನ ಮುಂದೆ ಕೂರಿಸಿ. ಅಪ್ಪನನ್ನೂ ಕೂರಿಸಿ. ಬೀಮಿನ ಮಧ್ಯೆ ಡಕ್ಟು ತೂರಿದ್ದನ್ನು ಒಮ್ಮೆ ನೋಡಿದರೆ ಏರ್‌ಪೋರ್ಟಿನ ಮಾತು ಮತ್ತೆ ಬರಲಿಕ್ಕಿಲ್ಲ.

ಅಣ್ಣನ ವಿಷಯ

ಅವರ ಕೆಲಸ ಮುಗಿದಿಲ್ಲ. ಸಮಾಧಾನಕ್ಕೆ ಹೇಳುತ್ತಿರುವುದಲ್ಲ. ಎಲ್ಲವನ್ನೂ 3ಡಿ ಮಾಡಬಾರದು ಅಂದೆನಲ್ಲ. ಕಿಟಕಿ ಮೇಲಿನ ಛಜ್ಜಾದ ತುದಿಯಲ್ಲಿ ನೀರು ಹನಿದು ಬೀಳಲು ಮಾಡುವ ತೋಡು, ಪ್ಯಾರಪೆಟ್ಟಿನ ಕೋಪಿಂಗ್, ಸಂಕನ್ ಸ್ಲ್ಯಾಬಿನ ವಾಟರ್‌ಪ್ರೂಫಿಂಗ್ ಪದರಗಳು, ಬಾಗಿಲ ಚೌಕಟ್ಟಿನ ಹೋಲ್ಡ್‌ಫಾಸ್ಟ್, ಇವು ಬಿಮ್‌ನಲ್ಲೂ 2ಡಿ ಡೀಟೇಲ್ ಆಗಿಯೇ ಇರುತ್ತವೆ. ದೊಡ್ಡ ಆಫೀಸುಗಳಲ್ಲೂ ಹಾಗೇ. 24 ವರ್ಷದಿಂದ ಅಣ್ಣ ಬರೆದ ಡೀಟೇಲುಗಳು ನಿಮ್ಮ ಸರ್ವರಿನಲ್ಲಿ ಇವೆ. ಅದನ್ನು ಆರಿಸಿ, ತಿದ್ದಿ, ರೆವಿಟ್‌ನ ಡೀಟೇಲ್ ಸಂಗ್ರಹಕ್ಕೆ ತರುವ ಕೆಲಸ ಅವರದೇ. ಕ್ಯಾಡ್ ಗೊತ್ತಿರುವವರಿಗೆ ಆ ಭಾಗ ಒಂದು ವಾರದಲ್ಲಿ ಬರುತ್ತದೆ.

ಎರಡನೇ ಕೆಲಸ ಇನ್ನೂ ಮುಖ್ಯ. ಆರು ವಾರವೂ ಅವರ ಕುರ್ಚಿ ಆ ಇಬ್ಬರು ಹುಡುಗರ ಪಕ್ಕದಲ್ಲಿರಲಿ. ಮೌಸ್ ಹುಡುಗನ ಕೈಯಲ್ಲಿ, ಮಾತು ಅಣ್ಣನದು. 'ಇಲ್ಲಿ ಗೋಡೆ ಎಲ್ಲಿಗೆ ನಿಲ್ಲಿಸಲಿ ಅಣ್ಣ?' ಅಂತ ಕೇಳಿದಾಗ ಉತ್ತರ ಗೊತ್ತಿರುವುದು ನಿಮ್ಮ ಆಫೀಸಿನಲ್ಲಿ ಅವರಿಗೇ. ನಾನು ನೋಡಿದ ಒಂದು ಆಫೀಸಿನಲ್ಲಿ ಹೀಗೆ ಕೂತ ಹಿರಿಯರೊಬ್ಬರು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ಹುಡುಗರು ಕೇಳಿದ ಪ್ರತಿ ಪ್ರಶ್ನೆ, ಕೊಟ್ಟ ಉತ್ತರ. 'ಟಾಯ್ಲೆಟ್ ಬಾಗಿಲ ಹೊಸ್ತಿಲು 15 ಮಿಲಿಮೀಟರ್ ಕೆಳಗೆ.' 'ಲಿಂಟಲ್ ತಳ 2100, ಬೀಮು ಅದರ ಹತ್ತಿರ ಬಂದರೆ ಲಿಂಟಲ್ ಬೇಡ, ಬೀಮನ್ನೇ ಇಳಿಸು.' ಎರಡನೇ ಪ್ರಾಜೆಕ್ಟ್ ಹೊತ್ತಿಗೆ ಆ ನೋಟ್‌ಬುಕ್ಕೇ ಆಫೀಸಿನ ನಿಯಮಾವಳಿ ಆಗಿತ್ತು.

ಅವರು ಸಾಫ್ಟ್‌ವೇರ್ ಪೂರ್ತಿ ಕಲಿಯಲು ಇಷ್ಟಪಟ್ಟರೆ ಕಲಿಯಲಿ, ಬೇಡ ಅಂದರೆ ಒತ್ತಾಯ ಬೇಡ. ಆದರೆ ಸಂಬಳದ ವಿಷಯ ಮೊದಲೇ ಮಾತಾಡಿ. ನಿನ್ನೆ ಬಂದ ಹುಡುಗನಿಗೆ ಬಿಮ್ ಬರುತ್ತದೆ ಅಂತ ಅಣ್ಣನಿಗಿಂತ ಜಾಸ್ತಿ ಕೊಟ್ಟು, ಅಣ್ಣನಿಂದಲೇ ಅವನಿಗೆ ಪಾಠ ಹೇಳಿಸಿದರೆ ಅದು ನಡೆಯುವುದಿಲ್ಲ.

ಈ ವಾರ ಮಾಡಬೇಕಾದ್ದು: ಬೆಂಗಳೂರಿನವರಿಗೆ ಒಂದು ಮೇಲ್. ಮಾಡೆಲನ್ನು ಅವರು ಯಾವುದಕ್ಕೆ ಬಳಸುತ್ತಾರೆ? ಹೊಂದಾಣಿಕೆಗಾ, ಕ್ವಾಂಟಿಟಿಗಾ, ಕಟ್ಟಡ ಮುಗಿದ ಮೇಲೆ ನಿರ್ವಹಣೆಗಾ? ಬೇಕಾಗಿರುವುದು ರೆವಿಟ್ ಫೈಲೇನಾ, ಐಎಫ್‌ಸಿ ಆದರೂ ಸಾಕಾ? ಐಎಫ್‌ಸಿ ಅಂದರೆ ಹೆಚ್ಚಿನ ಬಿಮ್ ಸಾಫ್ಟ್‌ವೇರುಗಳು ಓದಬಲ್ಲ ಮುಕ್ತ ಫೈಲ್ ನಮೂನೆ. ಅದು ಸಾಕು ಅಂದರೆ ಆರ್ಕಿಕ್ಯಾಡ್‌ನಂಥವನ್ನೂ ನೀವು ನೋಡಬಹುದು. ಸರ್ವಿಸ್ ಕನ್ಸಲ್ಟೆಂಟ್‌ಗಳ ಒಪ್ಪಂದದಲ್ಲಿ ಮಾಡೆಲ್ ಕೊಡಬೇಕು ಅಂತ ಇದೆಯಾ? ಮಾಡೆಲ್ ಮತ್ತು ಸಹಿ ಮಾಡಿದ ಡ್ರಾಯಿಂಗ್ ಬೇರೆ ಬೇರೆ ಹೇಳಿದರೆ ಯಾವುದು ನಡೆಯಬೇಕು? ಡ್ರಾಯಿಂಗೇ ಅಂತ ಬರೆಸಿಕೊಳ್ಳಿ. ಮಾಡೆಲ್‌ನ ಕ್ವಾಂಟಿಟಿಗೆ ನೀವು ಹೊಣೆ ಅಲ್ಲ ಅನ್ನೋದನ್ನೂ. ಅವರು ಐಎಸ್‌ಒ 19650 ಅಂತ ಏನಾದರೂ ಹೇಳಿದರೆ ಗಾಬರಿ ಬೇಡ. ಯಾರು, ಏನನ್ನು, ಯಾವಾಗ, ಯಾವ ಹೆಸರಿನಲ್ಲಿ ಕೊಡಬೇಕು ಅನ್ನುವುದರ ಕ್ರಮ ಅದು. ಅವರದೇ ಪಟ್ಟಿ ಕೇಳಿ.

ಇನ್ನು ನಿಮ್ಮ ಎರಡು ಲೈಸೆನ್ಸ್ ನವೀಕರಣ ಯಾವಾಗ ಬರುತ್ತದೆ ನೋಡಿ. ಒಂದೊಂದು ಸೀಟಿಗೆ ವರ್ಷಕ್ಕೆ ಲಕ್ಷ ದಾಟುತ್ತದೆ, ಮೇಲೆ ಜಿಎಸ್‌ಟಿ ಶೇ 18. ಆಸ್ಪತ್ರೆಯ ಒಪ್ಪಂದಕ್ಕೆ ಸಹಿ ಬೀಳುವವರೆಗೆ ಮೂರನೆಯದು ಕೊಳ್ಳಬೇಡಿ. ಶಾಲೆ ಮುಗಿಸಲು ಎರಡು ಸಾಕು. ಮೂರನೆಯದನ್ನು ಕ್ರ್ಯಾಕ್ ಹಾಕಿಕೊಳ್ಳೋಣ ಅಂತ ಯಾರಾದರೂ ಹುಡುಗರು ಹೇಳುತ್ತಾರೆ, ಹೇಳೇ ಹೇಳುತ್ತಾರೆ. ಆಸ್ಪತ್ರೆಯ ಫೈಲು ಹತ್ತು ಕಡೆ ಓಡಾಡುತ್ತದೆ, ಕಂಪನಿಯ ನೋಟಿಸ್ ಬರುವುದು ನಿಮ್ಮ ಅಪ್ಪನ ಹೆಸರಿಗೆ.